‘ಬಂಗಾರದ ಮನುಷ್ಯ’ ನೋಡಿ ಅತ್ತಿದ್ದೀರಿ, ‘ತಿಥಿ’ ನೋಡಿ ಪಹಣಿ ತೆಗೆಸಿ

ಈ ವಾರ ಎರಡು ಸಿನಿಮಾ ನೋಡಿದೆ. ಒಂದು 1972ರ ‘ಬಂಗಾರದ ಮನುಷ್ಯ’, ಇನ್ನೊಂದು 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ ‘ತಿಥಿ’. ಎರಡರಲ್ಲೂ ಜಗಳದ ಬೇರು ಒಂದೇ, ಆಸ್ತಿ.

ರಾಜ್‌ಕುಮಾರ್ ಅವರ ರಾಜೀವನನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದವರ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಕೊನೆ ನೆನಪಿಸಿಕೊಳ್ಳಿ. ಬರಡು ನೆಲವನ್ನು ಹಸಿರು ಮಾಡಿದವನು ಅಕ್ಕನ ಮಗನ ಚುಚ್ಚುಮಾತಿಗೆ ಮನನೊಂದು ಬರಿಗೈಲಿ ಮನೆ ಬಿಡುತ್ತಾನೆ. ಅದನ್ನು ನಾವು ತ್ಯಾಗ ಎಂದು ಕಣ್ಣೀರಿಟ್ಟೆವು.

‘ತಿಥಿ’ಯಲ್ಲಿ ಕಣ್ಣೀರಿಲ್ಲ. ಮಂಡ್ಯ ಸೀಮೆಯ ಹಳ್ಳಿ ಜನರೇ ನಟಿಸಿದ್ದಾರೆ. 101 ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಹೊರಡುತ್ತಾನೆ. ಜಮೀನು ಇರುವುದು ತಾತನ ಹೆಸರಲ್ಲಿ. ಅಪ್ಪ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಕೊನೆಗೆ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ತಮ್ಮಣ್ಣ ಓಡಾಡುತ್ತಾನೆ. ನಗು ಬರುತ್ತದೆ, ಆಮೇಲೆ ನಮ್ಮೂರೇ ಕಾಣುತ್ತದೆ.

ನನ್ನ ಕೇಳಿದರೆ, ಈಗ ಹಳ್ಳಿಗೆ ಹೆಚ್ಚು ಬೇಕಾದ ಸಿನಿಮಾ ‘ತಿಥಿ’. ಮಣ್ಣಿನ ಮೇಲಿನ ಪ್ರೀತಿಯನ್ನು ರಾಜೀವ ಆಗಲೇ ಕಲಿಸಿದ್ದಾನೆ. ಕಾಗದದ ಬೆಲೆಯನ್ನು ತಮ್ಮಣ್ಣ ಕಲಿಸುತ್ತಾನೆ. ಪಹಣಿ ಇನ್ನೂ ತೀರಿಹೋದವರ ಹೆಸರಲ್ಲಿದ್ದರೆ ಬೆಳೆಸಾಲಕ್ಕೂ ಪರಿಹಾರಕ್ಕೂ ತೊಡಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ವಿಚಾರಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬಿಟ್ಟರೆ ಮುಂದಿನ ಜಗಳಕ್ಕೆ ನೀವೇ ಬೀಜ ಬಿತ್ತಿದ ಹಾಗೆ.