ಫೌಜು ಬಂದ ಮೇಲೆ

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರಿಗೆ ಗೊತ್ತು, ಅಲ್ಲಿ ಕಾಲಿಡಲು ಜಾಗ ಇಲ್ಲದಿದ್ದರೂ ಜಗತ್ತಿನ ಎಲ್ಲ ಯುದ್ಧಗಳಿಗೂ ಜಾಗ ಇರುತ್ತದೆ. ಮೊನ್ನೆಯೂ ಹಾಗೇ ಆಯಿತು. ಯಾವುದೋ ದೇಶದ ಸರ್ವಾಧಿಕಾರಿಯನ್ನು ಕೆಳಗಿಳಿಸಲು ಇನ್ನೊಂದು ದೇಶ ಸೈನ್ಯ ಕಳಿಸಬೇಕೇ ಎಂಬ ಮಾತು ಬಂತು. ನಮ್ಮ ಕಡೆಯವರೇ ಒಬ್ಬ ಹಿರಿಯರು, ಕಲಬುರಗಿಯವರು, ಕಲ್ಯಾಣದಲ್ಲಿ ನೆಲೆಸಿ ಎಷ್ಟೋ ವರ್ಷವಾಗಿದೆ. ಅವರು ಚರ್ಚೆಯನ್ನು ಮುಗಿಸಿಯೇ ಬಿಟ್ಟರು: "ನಮ್ಮನ್ನೇ ನೋಡ್ರಿ. 1948ರಾಗ ಪಟೇಲರು ಫೌಜು ಕಳಿಸಲಿಲ್ಲ ಅಂದ್ರ ನಾವು ನಿಜಾಮನ ಕೈಯಾಗೇ ಇರತಿದ್ವಿ. ಫೌಜು ಹೋದರ ಮಂದಿಗೆ ಒಳ್ಳೇದೇ ಆಗತದ."

ಠಾಣೆ ಬರುವ ಹೊತ್ತಿಗೆ ಸುತ್ತಲಿನವರೆಲ್ಲ ತಲೆಯಾಡಿಸಿದ್ದರು. ನನಗೆ ಆಗಲಿಲ್ಲ. ಹಿರಿಯರ ಎದುರು ಗಾಡಿಯಲ್ಲಿ ವಾದ ಬೇಡವೆಂದು ಸುಮ್ಮನಿದ್ದೆ. ಆ ವಾದವನ್ನು ಇಲ್ಲಿ ಮಾಡುತ್ತೇನೆ. 1948ರ ಬಗ್ಗೆ ಅವರು ಹೇಳಿದ್ದರಲ್ಲಿ ಸತ್ಯವಿದೆ. ಆದರೆ ಅದನ್ನು ಹಿಡಿದುಕೊಂಡು ಎಲ್ಲ ದೇಶಕ್ಕೂ ಫೌಜು ಕಳಿಸುವುದು ತಪ್ಪು.

ಮೊದಲು ಸತ್ಯದ ಮಾತು. 1947ರಲ್ಲಿ ಹೈದರಾಬಾದಿನ ನಿಜಾಮ ಭಾರತವನ್ನು ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿ ಸುಲಿದರು, ಸುಟ್ಟರು, ಕೊಂದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ನಮ್ಮ ಸೀಮೆಯವರು ಮರೆತಿಲ್ಲ, ಮರೆಯಬಾರದು ಕೂಡ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ರಂದು ನಿಜಾಮ ಶರಣಾದ. ಟ್ಯಾಂಕು, ವಿಮಾನಗಳು ಭಾಗವಹಿಸಿದ ಈ ಕಾರ್ಯಾಚರಣೆಗೆ 'ಪೊಲೀಸ್ ಕಾರ್ಯಾಚರಣೆ' ಎಂದು ಹೆಸರಿಟ್ಟರು. ಹೈದರಾಬಾದು ಆಗಲೇ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಯುದ್ಧ ಎಂದರೆ ಅದು ಎರಡು ದೇಶಗಳ ಜಗಳವಾಗುತ್ತದೆ, ಪೊಲೀಸ್ ಎಂದರೆ ಮನೆಯೊಳಗಿನ ವಿಷಯವಾಗುತ್ತದೆ.

ನಮ್ಮದು ಬಸವಕಲ್ಯಾಣದ ಕಡೆ. ನಮ್ಮ ಅಜ್ಜಿಯ ಬಳಿ ಆ ವರ್ಷದ ಎರಡು ಕಥೆಗಳಿದ್ದವು. ಒಂದನ್ನು ಎಲ್ಲರ ಮುಂದೆ ಹೇಳುತ್ತಿದ್ದಳು: ರಜಾಕಾರರು ಬಂದರೆಂದು ಕೂಸನ್ನು ಅವಚಿಕೊಂಡು ಜೋಳದ ಹೊಲದಲ್ಲಿ ರಾತ್ರಿ ಕಳೆದದ್ದು. ಇನ್ನೊಂದನ್ನು ಅಡುಗೆಮನೆಯಲ್ಲಿ, ದನಿ ತಗ್ಗಿಸಿ ಹೇಳುತ್ತಿದ್ದಳು: ಫೌಜು ಬಂದ ಕೆಲವೇ ದಿನಗಳಲ್ಲಿ ಓಣಿಯ ಆಚೆ ತುದಿಯ ಮುಸಲ್ಮಾನರ ಮನೆಗಳು ಖಾಲಿಯಾದದ್ದು. ಆ ಮನೆಗಳ ಗಂಡಸರಾರೂ ರಜಾಕಾರರಾಗಿರಲಿಲ್ಲ. "ಫೌಜು ಬಂತು, ನಾವ್ ಉಳದ್ವಿ. ಫೌಜು ಬಂತು, ಅವರು ಹೋದ್ರು," ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಮೊದಲ ಕಥೆ ಮಾತ್ರ ಮೊಮ್ಮಕ್ಕಳವರೆಗೆ ಬಂತು.

ಇದು ಒಬ್ಬ ಮುದುಕಿಯ ಕಥೆಯಷ್ಟೇ ಅಲ್ಲ. ಇಂಥ ಸುದ್ದಿಗಳು ದೆಹಲಿ ಮುಟ್ಟಿದಾಗ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಇದ್ದ ತಂಡವೊಂದನ್ನು ಕಳಿಸಿದರು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಲೂಟಿಯಲ್ಲಿ ಸೈನಿಕರೂ ಪೊಲೀಸರೂ ಸೇರಿಕೊಂಡ ಪ್ರಸಂಗಗಳನ್ನು ಬರೆಯಿತು. ಜೀವದ ಹಂಗು ತೊರೆದು ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಬರೆಯಿತು. ಪಟೇಲರು ಆ ವರದಿಯನ್ನು ಒಪ್ಪಲಿಲ್ಲ. ದಶಕಗಳ ಕಾಲ ಅದು ಪ್ರಕಟವಾಗಲಿಲ್ಲ. ಅಂಕಿಗಳ ಬಗ್ಗೆ ವಾದ ಮಾಡುವವರು ಮಾಡಲಿ. ವರದಿಯನ್ನು ಮುಚ್ಚಿಟ್ಟ ಮೇಲೆ ವಾದ ಮಾಡುವುದಾದರೂ ಹೇಗೆ?

ಹಾಗಾದರೆ ಗೋರಟಾದವರನ್ನು ರಜಾಕಾರರ ಕೈಗೆ ಬಿಟ್ಟುಬಿಡಬೇಕಿತ್ತೇ ಎಂದು ನೀವು ಕೇಳುತ್ತೀರಿ. ಬೇಕಿರಲಿಲ್ಲ. ನಿರ್ಧಾರ ನನ್ನ ಕೈಯಲ್ಲಿದ್ದಿದ್ದರೆ ನಾನೂ ಫೌಜನ್ನು ಕಳಿಸುತ್ತಿದ್ದೆ. ಆದರೆ ಒಬ್ಬರನ್ನು ಉಳಿಸಲು ಹೋದವರಿಗೆ ಇನ್ನೊಬ್ಬರನ್ನು ಕಾಯುವ ಹೊಣೆಯೂ ಇರುತ್ತದೆ. ಊರಿನ ಹಳೆಯ ಆಡಳಿತವನ್ನು ಮುರಿದವನೇ ಅಂದಿನಿಂದ ಆ ಊರಿನ ಕಾವಲುಗಾರ. ಗೆದ್ದದ್ದು ಐದು ದಿನಗಳಲ್ಲಿ. ಕಾವಲು ತಪ್ಪಿದ್ದು ಆಮೇಲಿನ ವಾರಗಳಲ್ಲಿ.

ಇನ್ನು ಒಳ್ಳೆಯದು ಯಾವುದರಿಂದ ಆಯಿತು ಎಂದು ನೋಡೋಣ. 1949ರಲ್ಲಿ ಜಹಗೀರುಗಳನ್ನು ರದ್ದು ಮಾಡಿದ್ದು ಕಾನೂನು. 1952ರಲ್ಲಿ ಕೂಲಿಯವನಿಗೂ ದೇಶಮುಖನಿಗೂ ಒಂದೊಂದೇ ಮತ ಕೊಟ್ಟದ್ದು ಸಂವಿಧಾನ. 1956ರಲ್ಲಿ ಬೀದರ, ಗುಲಬರ್ಗಾ, ರಾಯಚೂರುಗಳನ್ನು ಕನ್ನಡ ನಾಡಿಗೆ ಸೇರಿಸಿದ್ದು ಜನರ ಚಳವಳಿ. ಫೌಜು ಬಾಗಿಲು ತೆರೆಯಿತು, ನಿಜ. ಅದೇ ಫೌಜು ತೆಲಂಗಾಣದಲ್ಲಿ ಮಾಡಿದ್ದೇನು? ರೈತರು ಹಂಚಿಕೊಂಡಿದ್ದ ಜಮೀನುಗಳಿಗೆ ಓಡಿಹೋಗಿದ್ದ ದೇಶಮುಖರು ಅದರ ಬೆನ್ನ ಹಿಂದೆಯೇ ಮರಳಿದರು. ಕಮ್ಯುನಿಸ್ಟರು ಹೋರಾಟ ನಿಲ್ಲಿಸಿದ್ದು 1951ರಲ್ಲಿ.

ವಿಮೋಚನೆಯಾದ ನಮ್ಮ ಸೀಮೆಯ ಗತಿಯನ್ನೂ ನೋಡಿ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. 371(ಜೆ) ವಿಧಿಗಾಗಿ 2012ರವರೆಗೆ ಕಾಯಬೇಕಾಯಿತು. ನವಿ ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ಕಾದು ನಿಂತವರ ಮಾತಿಗೆ ಕಿವಿಗೊಡಿ. ಕಲಬುರಗಿಯ ಕನ್ನಡ ಕೇಳಿಸುತ್ತದೆ. ಅವರ ಊರನ್ನು ಐದು ದಿನಗಳಲ್ಲಿ ಗೆಲ್ಲಲಾಯಿತು, ಆ ಊರಲ್ಲಿ ಅವರಿಗೆ ಕೆಲಸ ಕೊಡಲು ಇನ್ನೂ ಆಗಿಲ್ಲ.

ಹೊರಗಿನ ಜಗತ್ತು ಹೇಳುವುದೂ ಇದನ್ನೇ. 1971ರಲ್ಲಿ ಬಾಂಗ್ಲಾದೇಶಕ್ಕೆ ಹೋದ ನಮ್ಮ ಸೈನ್ಯ 1972ರ ಮಾರ್ಚಿಗೆ ಹಿಂದಿರುಗಿತು. ಅಲ್ಲಿ ಚುನಾವಣೆ ಗೆದ್ದಿದ್ದ ನಾಯಕತ್ವ ಮೊದಲೇ ಇತ್ತು. 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕಾಕ್ಕೆ ಹೋದ ಅದೇ ಸೈನ್ಯ ತಾನು ಕಾಯಬೇಕಾದ ತಮಿಳರ ನಾಡಿನಲ್ಲೇ ಯುದ್ಧ ಮಾಡಿ, ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು, 1990ರಲ್ಲಿ ಮರಳಿತು. ಅಮೆರಿಕ 2003ರಲ್ಲಿ ಇರಾಕಿಗೆ ನುಗ್ಗಿತು. ಕಾರಣವಾಗಿ ಹೇಳಿದ ಅಸ್ತ್ರಗಳು ಸಿಗಲಿಲ್ಲ, ದೇಶ ಅಂತರ್ಯುದ್ಧಕ್ಕೆ ಬಿತ್ತು. ಅಫ್ಘಾನಿಸ್ತಾನದಲ್ಲಿ 20 ವರ್ಷ ಕೂತು ಎದ್ದುಹೋಯಿತು, 2021ರ ಆಗಸ್ಟಿನಲ್ಲಿ ತಾಲಿಬಾನ್ ಮತ್ತೆ ಕಾಬೂಲಿಗೆ ಬಂತು.

ಅಷ್ಟು ದೂರವೂ ಬೇಡ, ಠಾಣೆಯಲ್ಲೇ ಒಂದು ಕೋಟೆಯಿದೆ. ಪೋರ್ಚುಗೀಸರು ಕಟ್ಟಲು ತೊಡಗಿದ್ದನ್ನು 1737ರಲ್ಲಿ ಮರಾಠರು ಗೆದ್ದರು, 1774ರಲ್ಲಿ ಬ್ರಿಟಿಷರು ಕಿತ್ತುಕೊಂಡರು. ಆಮೇಲೆ ಬ್ರಿಟಿಷರು ಅದನ್ನು ಜೈಲು ಮಾಡಿದರು. ಈಗಲೂ ಅದು ಠಾಣೆಯ ಸೆಂಟ್ರಲ್ ಜೈಲು.

ಆದ್ದರಿಂದ ಆ ಹಿರಿಯರಿಗೆ, ಅವರಂತೆ ಮಾತಾಡುವ ನಮ್ಮೆಲ್ಲರಿಗೆ, ಒಂದು ವಿನಂತಿ. ಯಾವುದೇ ದೇಶಕ್ಕೆ ಫೌಜು ಹೋಗಲಿ ಎನ್ನುವ ಮುಂಚೆ ಮೂರು ಪ್ರಶ್ನೆ ಕೇಳಿ. ಗೆದ್ದ ಮರುದಿನ ಊರನ್ನು ಕಾಯುವವರು ಯಾರು? ಸತ್ತವರನ್ನು ಎಣಿಸಿ, ಎಣಿಸಿದ್ದನ್ನು ಬಹಿರಂಗ ಮಾಡುವವರು ಯಾರು? ಫೌಜು ಹಿಂದಿರುಗುವ ದಿನ ಯಾವುದು? ಉತ್ತರವಿಲ್ಲದಿದ್ದರೆ, ಆ ದೇಶದ ಜನರ ಒಳಿತಿಗಾಗಿ ಎಂಬ ಮಾತನ್ನು ನಂಬಬೇಡಿ.

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಹಾರಿಸುತ್ತಾರೆ, ಮರಾಠವಾಡದಲ್ಲಿ ಮುಕ್ತಿಸಂಗ್ರಾಮ ದಿನ ಆಚರಿಸುತ್ತಾರೆ. ಆಚರಿಸಲಿ, ನಾನೂ ಕೈಮುಗಿಯುತ್ತೇನೆ. ಆದರೆ ಅಂದು ಗೋರಟಾದವರ ಹೆಸರಿನ ಜೊತೆ ಆ ಖಾಲಿ ಮನೆಗಳವರ ಹೆಸರನ್ನೂ ಯಾರಾದರೂ ವೇದಿಕೆಯ ಮೇಲೆ ಓದಬೇಕು. ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಹೇಳುತ್ತಿದ್ದ ಕಥೆ ಇನ್ನಾದರೂ ಪಡಸಾಲೆಗೆ ಬರಲಿ.