ಹನ್ನೊಂದನೆಯ ತಂಡಕ್ಕೆ ಬಾಗಿಲು ಮುಚ್ಚಿದ್ದೇಕೆ?



ನಮ್ಮ ವಾರ್ಡ್‌ಗಳ ಕ್ರಿಕೆಟ್ ಪಂದ್ಯಾಟಕ್ಕೆ ಹೊಸ ತಂಡವೊಂದು ಹೆಸರು ಕೊಟ್ಟಿತು ಎಂದಿಟ್ಟುಕೊಳ್ಳಿ. "ನೀವು ಹೇಗೂ ಸೋಲುತ್ತೀರಿ, ಬರುವುದು ಬೇಡ" ಎಂದು ಆಡಿಸುವವರು ಹೇಳಿದರೆ ನಾವು ಸುಮ್ಮನಿರುತ್ತೇವೆಯೇ? ಫಾರ್ಮುಲಾ ಒನ್‌ನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ.

ಅಮೆರಿಕದ ಆಂಡ್ರೆಟ್ಟಿ ತಂಡದ ಅರ್ಜಿಯನ್ನು ಪರಿಶೀಲಿಸಿ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟದ್ದು ಈ ಕ್ರೀಡೆಯ ನಿಯಂತ್ರಣ ಸಂಸ್ಥೆ ಎಫ್‌ಐಎ. ಆದರೆ ವ್ಯವಹಾರ ನಡೆಸುವ ಕಂಪೆನಿ 2024ರ ಜನವರಿಯಲ್ಲಿ ಅದನ್ನು ತಿರಸ್ಕರಿಸಿತು. ತಂಡ ಪೈಪೋಟಿ ಕೊಡಲಾರದು ಎಂಬುದು ಅದು ಕೊಟ್ಟ ಒಂದು ಕಾರಣ. ಓಡುವ ಮೊದಲೇ ತೀರ್ಪು! ಅದೇ ನವೆಂಬರ್‌ನಲ್ಲಿ, ಜನರಲ್ ಮೋಟರ್ಸ್ ಮುಂದೆ ನಿಂತು ಕ್ಯಾಡಿಲಾಕ್ ಹೆಸರಿನಲ್ಲಿ ಬಂದಾಗ, 2026ರಿಂದ ಹನ್ನೊಂದನೆಯ ತಂಡವಾಗಲು ಬಾಗಿಲು ತೆರೆಯಿತು.

ಜಾಗ ಇರಲಿಲ್ಲವೇ? ನಿಯಮದಲ್ಲಿ 26 ಕಾರುಗಳಿಗೆ ಅವಕಾಶವಿತ್ತು; ಓಡುತ್ತಿದ್ದದ್ದು 20. ಹಣ ಹಂಚಿಹೋಗುತ್ತದೆಯೇ? 2021ರ ಒಪ್ಪಂದದಲ್ಲೇ ಹೊಸಬರು ಹಳೆಯ ತಂಡಗಳಿಗೆ 20 ಕೋಟಿ ಡಾಲರ್ ಕೊಡಬೇಕೆಂದಿತ್ತು.

"2010ರಲ್ಲಿ ಬಂದ ಮೂರು ಹೊಸ ತಂಡಗಳು ಏನಾದವು?" ಎಂದು ನೀವು ಕೇಳಬಹುದು. ನಿಜ, 2017ರ ಆರಂಭದೊಳಗೆ ಮೂರೂ ಮುಚ್ಚಿದವು. ಆದರೆ ಅವುಗಳಲ್ಲೊಂದಾದ ಎಚ್‌ಆರ್‌ಟಿ ಇದ್ದುದರಿಂದಲೇ ನಮ್ಮ ಕರುಣ್ ಚಂದೋಕ್ 2010ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದರು, ನರೈನ್ ಕಾರ್ತಿಕೇಯನ್ 2011ರಲ್ಲಿ ಮರಳಿ ಬಂದರು. ಮುಂದೆ ಎಂಟು ರೇಸ್ ಗೆದ್ದ ಡೇನಿಯಲ್ ರಿಕಾರ್ಡೊ ಶುರುಮಾಡಿದ್ದೂ ಅಲ್ಲೇ.

ಇನ್ನೂ ಹಿಂದೆ ಹೋಗಿ. 1991ರಲ್ಲಿ ಜೋರ್ಡನ್ ಹೊಸ ತಂಡ. ಮೈಕೆಲ್ ಶೂಮಾಕರ್ ಮೊದಲ ರೇಸ್ ಓಡಿದ್ದು ಅದರ ಕಾರಿನಲ್ಲೇ. ಅದೇ ತಂಡ ಕೈಬದಲಾಗುತ್ತಾ ಬಂದು, ಬಂಟ್ವಾಳ ಮೂಲದ ಕುಟುಂಬದ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಆಯಿತು. 2009ರಲ್ಲಿ ಬೆಲ್ಜಿಯಂನಲ್ಲಿ ಎರಡನೇ ಸ್ಥಾನ ಗಳಿಸಿತು. ಮಲ್ಯರ ಉಳಿದ ಕಥೆ ಬೇರೆ. ಆದರೆ ಅಂದು ಜೋರ್ಡನ್‌ಗೆ ಬಾಗಿಲು ಮುಚ್ಚಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಯಾರು ಬಂದರೂ ಸೇರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಣ, ಸುರಕ್ಷತೆ, ತಾಂತ್ರಿಕ ಸಾಮರ್ಥ್ಯ ಎಲ್ಲವನ್ನೂ ಗಟ್ಟಿಯಾಗಿ ಪರೀಕ್ಷಿಸಲಿ. ಆದರೆ ನಿಯಮ ಮೊದಲೇ ಎಲ್ಲರಿಗೂ ಗೊತ್ತಿರಲಿ; ತೀರ್ಪು ಲಾಭ ಎಣಿಸುವವರ ಕೈಯಲ್ಲಿರದೆ ನಿಯಂತ್ರಣ ಸಂಸ್ಥೆಯ ಕೈಯಲ್ಲಿರಲಿ.

ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ರೇಸ್ ಗೆದ್ದರು. ಇಂಥವರಿಗೆ ಮೇಲೆ ಏರಲು ಸೀಟು ಬೇಕು. ತಂಡ ಹೆಚ್ಚಿದರೆ ಮಾತ್ರ ಸೀಟು ಹೆಚ್ಚೀತು.

ನಾಳೆ ನಮ್ಮ ಮೈದಾನದಲ್ಲೂ ಹೊಸ ತಂಡವೊಂದು ಬಂದು ನಿಂತರೆ, ಮೊದಲು ಬ್ಯಾಟ್ ಕೊಡೋಣ. ಸೋಲು ಗೆಲುವು ಆಮೇಲೆ ತಿಳಿದೀತು.