ಮನೆಮಾತು: ಆದ ಮದುವೆ, ಆಗದ ಮದುವೆ

ಎರಡು ವರ್ಷಕ್ಕೆ ಸಮೀಪವಾಯಿತು. ಸಂಘದ ರಾಜ್ಯೋತ್ಸವ ಮುಗಿದು, ಹಾಡಿದವರು, ನಾಟಕವಾಡಿದವರು, ನೋಡಲು ಬಂದವರು ಎಲ್ಲರೂ ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿ ಹೊರಟುಹೋಗಿದ್ದರು. ನಾವು ನಾಲ್ಕು ಮಂದಿ ಕುರ್ಚಿಗಳನ್ನು ಮಡಿಸಿ ಒಟ್ಟುತ್ತಿದ್ದೆವು. ಡೊಂಬಿವಲಿಯಲ್ಲಿರುವ, ಧಾರವಾಡದ ಕಡೆಯ ಹಿರಿಯರೊಬ್ಬರು ಮಾತ್ರ ಹೋಗದೆ ನಮ್ಮೊಡನೆ ಕುರ್ಚಿ ಮಡಿಸುತ್ತ ನಿಂತಿದ್ದರು. ಎಲ್ಲ ಮುಗಿದ ಮೇಲೆ ಮೆಲ್ಲನೆ, "ನಿಮ್ಮ ಪೈಕಿ ವಕೀಲರು ಯಾರರೆ ಅದಾರೇನ್ರಿ?" ಎಂದು ಕೇಳಿದರು.

ಅವರ ಮಗಳ ಮದುವೆ ಆ ವರ್ಷದ ವೈಶಾಖದಲ್ಲಿ ಧಾರವಾಡದಲ್ಲಿ ಆಗಿತ್ತು. ಹುಡುಗನಿಗೆ ಹೈದರಾಬಾದಿನಲ್ಲಿ ನೌಕರಿ. ಎರಡು ಮನೆಗೂ ಬೇಕಾದವರೇ ನಡುವೆ ನಿಂತು ಮಾತು ನಡೆಸಿದ್ದರು. ಗಣೇಶ ಚೌತಿಯ ಹೊತ್ತಿಗೆ ಮನೆಯ ಕಾಗದಪತ್ರಗಳ ನಡುವೆ ಹುಡುಗಿಯ ಕೈಗೆ ಕೋರ್ಟಿನ ಹಳೆಯ ಹುಕುಮೊಂದು ಸಿಕ್ಕಿತು. ಹುಡುಗನಿಗೆ ಮೊದಲೇ ಒಂದು ಮದುವೆಯಾಗಿತ್ತು, ಅದು ವಿಚ್ಛೇದನವೂ ಆಗಿತ್ತು. ಈ ಸಂಗತಿಯನ್ನು ಯಾರೂ ಇವರಿಗೆ ಹೇಳಿರಲಿಲ್ಲ. ಹುಡುಗಿ ತವರಿಗೆ ಬಂದಳು. ಬಂಧುಗಳು ಕೂಡಿದರು. ಹುಡುಗ ಕೆಟ್ಟವನಲ್ಲ, ಹಳೆಯದನ್ನು ಮರೆತು ಒಂದು ಸಲ ಹೋಗಿ ನೋಡಲಿ ಎಂದು ತೀರ್ಮಾನಿಸಿ ದಸರೆಗೆ ಕಳಿಸಿದರು. ಆಕೆ ಇಪ್ಪತ್ತು ದಿನ ಇದ್ದು, ದೀಪಾವಳಿಗೆ ಬಂದವಳು ಇನ್ನು ಹೋಗಲಾರೆನೆಂದಳು.

"ಹಿರ್ಯಾರು ಕಳಿಸ್ರಿ ಅಂದ್ರು, ಕಳಿಸಿದ್ವಿ. ಈಗ ವಕೀಲರ ಕಡೆ ಹೋದ್ರ, ಗೊತ್ತಾದ ಮ್ಯಾಲೂ ಯಾಕ ಕಳಿಸಿದ್ರಿ ಅಂತ ಕೇಳ್ತಾರ. ನಾವು ಯಾರ ಮಾತು ಕೇಳಬೇಕಾಗಿತ್ರಿ?" ಎಂದು ಆ ತಂದೆ ಕೇಳಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಸಂಘದ ಸದಸ್ಯರಾದ ವಕೀಲರೊಡನೆ ಕುಳಿತು ತಿಳಿದುಕೊಂಡದ್ದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಒಂದೇ ಮನೆಯದಲ್ಲ.

ಮೊದಲು ಎರಡು ಮಾತುಗಳ ಅಂತರವನ್ನು ತಿಳಿಯಬೇಕು. ವಿಚ್ಛೇದನವೆಂದರೆ ಸರಿಯಾಗಿ ಆದ ಮದುವೆಯನ್ನು ಮುಂದಕ್ಕೆ ಕಡಿದುಹಾಕುವುದು. ಅಸಿಂಧು ಎಂದು ಸಾರುವುದೆಂದರೆ ಆ ಮದುವೆಯ ಬುಡದಲ್ಲಿಯೇ ದೋಷವಿತ್ತೆಂದು ನ್ಯಾಯಾಲಯ ಹೇಳುವುದು. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಇದಕ್ಕೆ ಎರಡು ಕಲಮುಗಳಿವೆ. ೧೧ನೆಯ ಕಲಮು ಹುಟ್ಟಿನಿಂದಲೇ ಅಸಿಂಧುವಾದ ಮದುವೆಗಳನ್ನು ಹೇಳುತ್ತದೆ: ಗಂಡನಿಗಾಗಲಿ ಹೆಂಡತಿಗಾಗಲಿ ಜೀವಂತ ಸಂಗಾತಿ ಇದ್ದು, ಆ ಮದುವೆ ಮುರಿಯದೆ ಇನ್ನೊಂದಾಗಿದ್ದರೆ, ನಿಷಿದ್ಧ ಸಂಬಂಧದಲ್ಲಿ ಅಥವಾ ಸಪಿಂಡರಲ್ಲಿ ಆಗಿದ್ದರೆ. ೧೨ನೆಯ ಕಲಮಿನ ಮದುವೆಗಳು ಯಾರಾದರೂ ಅರ್ಜಿ ಹಾಕಿ ರದ್ದು ಮಾಡಿಸುವವರೆಗೆ ಊರ್ಜಿತವಾಗಿಯೇ ಇರುತ್ತವೆ.

ಇಲ್ಲಿ ನಮ್ಮವರಿಗೆ ಒಂದು ಅಳುಕುಂಟು. ಸೋದರಮಾವನಿಗೆ ಕೊಟ್ಟ ಹೆಣ್ಣು, ಸೋದರತ್ತೆಯ ಮಗನನ್ನು ವರಿಸಿದ ಹೆಣ್ಣು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಉತ್ತರದ ನೆರೆಯವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಕಾಯಿದೆಯ ಪಟ್ಟಿಯಲ್ಲಿ ಇವು ನಿಷಿದ್ಧವೇ. ಆದರೆ ಇಬ್ಬರ ಪೈಕಿ ಒಬ್ಬೊಬ್ಬರಿಗೂ ಅನ್ವಯಿಸುವ ರೂಢಿ ಅದಕ್ಕೆ ಒಪ್ಪಿದ್ದರೆ ಮದುವೆಗೆ ಬಾಧೆಯಿಲ್ಲವೆಂದು ಅದೇ ಕಾಯಿದೆ ಹೇಳಿದೆ. ಇನ್ನೊಂದು ಮಾತನ್ನು ಮಾತ್ರ ಊರಿಗೆ ಹೋಗಿ ಅವಸರದಲ್ಲಿ ಮದುವೆ ಮುಗಿಸಿ ಬರುವವರು ಮರೆಯಬಾರದು. ಬಾಲ್ಯವಿವಾಹ ನಿಷೇಧಕ್ಕೆ ಕರ್ನಾಟಕವು ೨೦೧೬ರಲ್ಲಿ ಮಾಡಿದ ತಿದ್ದುಪಡಿಯಂತೆ, ಅದು ಜಾರಿಗೆ ಬಂದ ಮೇಲೆ ಅಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ದೇಶದ ೨೦೦೬ರ ಕಾಯಿದೆಯಲ್ಲಾದರೆ ಮಗುವಾಗಿದ್ದಾಗ ಮದುವೆಯಾದವರು ಪ್ರಾಯಕ್ಕೆ ಬಂದು ಎರಡು ವರ್ಷ ತುಂಬುವುದರೊಳಗೆ ತಾವೇ ರದ್ದು ಕೇಳಬೇಕು.

ಈಗ ೧೨ನೆಯ ಕಲಮು. ಅದರಲ್ಲಿ ನಾಲ್ಕು ಕಾರಣಗಳಿವೆ. ಎದುರುಪಕ್ಷದವರ ನಪುಂಸಕತ್ವದಿಂದ ದಾಂಪತ್ಯ ಕೂಡಿಬಾರದಿರುವುದು. ಮದುವೆಯ ವೇಳೆಯಲ್ಲಿ ಸಮ್ಮತಿ ಕೊಡಲಾಗದಂಥ ಅಥವಾ ದಾಂಪತ್ಯ ನಡೆಸಲಾಗದಂಥ ಮನೋವ್ಯಾಧಿ ಇದ್ದುದು. ಬಲಾತ್ಕಾರದಿಂದ ಇಲ್ಲವೆ ಮೋಸದಿಂದ ಒಪ್ಪಿಗೆ ಪಡೆದುದು. ವಧು ಆ ವೇಳೆಗೆ ಬೇರೊಬ್ಬನಿಂದ ಗರ್ಭಿಣಿಯಾಗಿದ್ದುದು. ಮೋಸವೆಂಬುದರ ಅರ್ಥವನ್ನು ೧೯೭೬ರ ತಿದ್ದುಪಡಿ ಹಿಗ್ಗಿಸಿತು. ಎದುರುಪಕ್ಷದವರಿಗೆ ಸಂಬಂಧಿಸಿದ ಮಹತ್ತ್ವದ ಸಂಗತಿಯನ್ನು ಕುರಿತ ಮೋಸವೂ ಅದರಲ್ಲಿ ಸೇರಿತು. ಹಿಂದಿನ ಮದುವೆಯನ್ನು ಮುಚ್ಚಿಡುವುದು ಅಂಥದೇ ಎಂದು ಹಲವು ತೀರ್ಪುಗಳಲ್ಲಿ ಬಂದಿದೆ. ಹಾಗೆಂದು ಮಧ್ಯಸ್ಥರ ಪ್ರತಿಯೊಂದು ಹೊಗಳಿಕೆಯೂ ಮೋಸವಾಗುವುದಿಲ್ಲ. ವರನ ಅಡುಗೆ ಚೆನ್ನ, ವಧುವಿನ ಕಂಠ ಚೆನ್ನ ಎಂದು ಹೇಳಿದ್ದನ್ನು ಹಿಡಿದು ಕೋರ್ಟಿಗೆ ಹೋದರೆ ನಗೆಪಾಟಲು.

ಡೊಂಬಿವಲಿಯ ತಂದೆಯ ಸಂಕಟ ಇಲ್ಲಿಂದಲೇ ಹುಟ್ಟಿದ್ದು. ಮೋಸ ತಿಳಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅದು ಅವರಿಗೆ ದೊಡ್ಡ ತೊಡಕಾಗಿರಲಿಲ್ಲ, ಎರಡೇ ತಿಂಗಳು ಕಳೆದಿತ್ತು. ಎರಡನೆಯ ಷರತ್ತು ಕಠಿಣ: ಮೋಸ ತಿಳಿದ ಮೇಲೆ ತನ್ನ ಪೂರ್ಣ ಸಮ್ಮತಿಯಿಂದ ಗಂಡನೊಡನೆ ಸಂಸಾರ ಮಾಡಿದ್ದರೆ ಅರ್ಜಿ ನಡೆಯದು. ಆ ಇಪ್ಪತ್ತು ದಿನ ಹುಡುಗಿ ಹೋದದ್ದು ತನ್ನ ಸಮ್ಮತಿಯಿಂದಲೋ, ಹಿರಿಯರ ಒತ್ತಾಯದಿಂದಲೋ? ಅವಳಿಗೆ ಗೊತ್ತು, ತಾಯಿಗೆ ಗೊತ್ತು. ಆದರೆ ಎದುರು ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಅದಕ್ಕೆ ಸಾಕ್ಷಿ ಹೇಳಬೇಕಾದವರು ಅವಳನ್ನು ಕಳಿಸಿದ ಬಂಧುಗಳೇ. ಅವರಲ್ಲಿ ಕಟಕಟೆ ಹತ್ತಲು ಸಿದ್ಧರಾದವರು ಒಬ್ಬರೂ ಇರಲಿಲ್ಲ. ಹೊಂದಿಸುವ ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವರು ಕೊಟ್ಟ ಸಲಹೆಯ ಬೆಲೆಯನ್ನು ತೆತ್ತವಳು ಹುಡುಗಿ.

ಇನ್ನೊಂದು ಆಸೆಯ ಬಗ್ಗೆಯೂ ಹೇಳಬೇಕು. ಮಗಳಿಗೆ ವಿಚ್ಛೇದಿತೆ ಎಂಬ ಹೆಸರು ಬರಬಾರದು, ಮದುವೆಯೇ ಆಗಿರಲಿಲ್ಲವೆಂದು ಕೋರ್ಟು ಬರೆದುಕೊಡಲಿ ಎಂದು ಅನೇಕ ತಾಯಿತಂದೆಗಳು ಬಯಸುತ್ತಾರೆ. ಈ ಆಸೆಗೆ ಬಿದ್ದು, ಇಲ್ಲದ ನಪುಂಸಕತ್ವವನ್ನೋ ಹುಚ್ಚನ್ನೋ ಅರ್ಜಿಯಲ್ಲಿ ಬರೆಸುವವರುಂಟು. ಇದು ಅನ್ಯಾಯ, ಜೊತೆಗೆ ಅಪಾಯ. ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವ ಅಧಿಕಾರ ನ್ಯಾಯಾಲಯಕ್ಕುಂಟೆಂದು ಸುಪ್ರೀಂ ಕೋರ್ಟು ೨೦೦೩ರಲ್ಲಿಯೇ ಹೇಳಿದೆ. ಆಪಾದನೆ ಹೊರಿಸಿದವರೇ ಅದನ್ನು ಸಿದ್ಧಪಡಿಸಬೇಕು. ಸಿದ್ಧವಾಗದಿದ್ದರೆ ಮದುವೆಯೂ ಉಳಿಯುತ್ತದೆ, ಕಹಿಯೂ ಉಳಿಯುತ್ತದೆ.

ಹೊರನಾಡಿನ ನಮ್ಮಂಥವರಿಗೆ ಮುಂದಿನ ಪ್ರಶ್ನೆ, ಅರ್ಜಿ ಯಾವ ಊರಲ್ಲಿ? ಲಗ್ನವಾದದ್ದು ಧಾರವಾಡ, ಸಂಸಾರ ಹೂಡಿದ್ದು ಹೈದರಾಬಾದು, ತವರು ಮುಂಬಯಿಯ ಪಕ್ಕ. ೧೯ನೆಯ ಕಲಮಿನಂತೆ ಮದುವೆಯಾದ ಊರಿನಲ್ಲಿ, ಇಬ್ಬರೂ ಕೊನೆಗೆ ಕೂಡಿ ಇದ್ದ ಊರಿನಲ್ಲಿ, ಎದುರುಪಕ್ಷದವರಿರುವ ಊರಿನಲ್ಲಿ ಅರ್ಜಿ ಹಾಕಬಹುದು. ೨೦೦೩ರ ತಿದ್ದುಪಡಿಯಿಂದ ಅರ್ಜಿದಾರಳು ಹೆಂಡತಿಯಾದರೆ ತಾನು ಈಗ ಇರುವ ಊರಿನಲ್ಲಿಯೇ ಹಾಕಬಹುದು. ಗಂಡನು ಮೊದಲೇ ದೂರದ ಊರಲ್ಲಿ ದಾವೆ ಹೂಡಿದ್ದರೆ, ಅದನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಸುಪ್ರೀಂ ಕೋರ್ಟನ್ನು ಕೇಳಿಕೊಳ್ಳುವ ದಾರಿಯೂ ಇದೆ.

ಕೋರ್ಟೆಂದರೆ ಸಂತೆಯಲ್ಲಿ ಮಾನ ಹರಾಜು ಹಾಕಿದಂತೆ ಎಂಬ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ. ೨೨ನೆಯ ಕಲಮಿನಂತೆ ಈ ವಿಚಾರಣೆಗಳು ಮುಚ್ಚಿದ ಬಾಗಿಲೊಳಗೆ ನಡೆಯತಕ್ಕವು. ಅಪ್ಪಣೆಯಿಲ್ಲದೆ ಅವನ್ನು ಅಚ್ಚುಹಾಕಿದವರಿಗೆ ದಂಡವುಂಟು. ೧೯೮೪ರ ಕಾಯಿದೆಯಂತೆ ಸ್ಥಾಪಿತವಾದ ಕುಟುಂಬ ನ್ಯಾಯಾಲಯಗಳಲ್ಲಿ ಮೊದಲು ರಾಜಿಯ ಪ್ರಯತ್ನವಾಗುತ್ತದೆ, ಸಮಾಲೋಚಕರು ಇಬ್ಬರನ್ನೂ ಕೂಡಿಸಿ ಮಾತಾಡಿಸುತ್ತಾರೆ. ವಕೀಲರ ಫೀಜಿಗೆ ಹಣವಿಲ್ಲವೆಂದು ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಛೇರಿಗೆ ಒಂದು ಅರ್ಜಿ ಕೊಟ್ಟರಾಯಿತು.

ಮದುವೆ ಅಸಿಂಧುವಾದರೆ ಮಕ್ಕಳ ಗತಿಯೇನೆಂದು ಕೆಲವರು ಕೇಳಿದ್ದರು. ೧೬ನೆಯ ಕಲಮು ಅಂಥ ಮಕ್ಕಳನ್ನು ಸಕ್ರಮ ಮಕ್ಕಳೆಂದೇ ಎಣಿಸುತ್ತದೆ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ೨೦೨೩ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕುಂಟೆಂದು ತೀರ್ಮಾನಿಸಿತು. ಅಸಿಂಧುವಾದ ಮದುವೆಯಲ್ಲಿಯೂ ಜೀವನಾಂಶ ಕೊಡಿಸಬಹುದೆಂದು ೨೦೨೫ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ.

ನಮ್ಮ ಮಂಗಳೂರ ಕಡೆಯ ಕ್ರೈಸ್ತ ಬಂಧುಗಳಿಗೆ ಒಂದು ಎಚ್ಚರಿಕೆ. ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ಅಸಿಂಧುವೆಂದು ಸಾರಿದರೆ ಇಗರ್ಜಿಯ ಮಟ್ಟಿಗೆ ಅದು ಸಾಕಾಗಬಹುದು. ದೇಶದ ಕಾನೂನಿಗೆ ಸಾಲದೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿ ಹೇಳಿತು. ಅದಕ್ಕೆ ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡದ ಕಥೋಲಿಕ ಮುಖಂಡರೊಬ್ಬರು ಸಲ್ಲಿಸಿದ್ದ ಅರ್ಜಿಯೂ ೨೦೧೭ರಲ್ಲಿ ವಜಾ ಆಯಿತು. ೧೮೬೯ರ ವಿಚ್ಛೇದನ ಕಾಯಿದೆಯಂತೆ ಕೋರ್ಟಿನ ಹುಕುಂ ಪಡೆಯದೆ ಮರುಮದುವೆ ಆಗಕೂಡದು. ಹಿಂದೂಗಳಲ್ಲಿಯೂ ನೋಟರಿಯ ಮುಂದೆ ಛಾಪಾಕಾಗದದ ಮೇಲೆ ಸೋಡಚಿಠ್ಠಿ ಬರೆದುಕೊಂಡು ಬಿಡುಗಡೆಯಾಯಿತೆಂದು ನಂಬಿದವರಿದ್ದಾರೆ. ಆ ಜಾತಿಯಲ್ಲಿ ಅಂಥ ರೂಢಿಯುಂಟೆಂದು ರುಜುವಾತಾಗದಿದ್ದರೆ ಅದು ಬರಿಯ ಕಾಗದ. ಅದನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆ ತಾನೇ ಅಸಿಂಧುವಾಗುತ್ತದೆ.

ನಾವಿರುವ ಈ ಮುಂಬಯಿಯಲ್ಲಿಯೇ ರಖಮಾಬಾಯಿಯವರ ಮೊಕದ್ದಮೆ ನಡೆದಿತ್ತು. ಬಾಲ್ಯದಲ್ಲಿ ತಮಗೆ ಕಟ್ಟಿದ ಗಂಡನ ಮನೆಗೆ ಹೋಗಲು ಅವರು ಒಪ್ಪಲಿಲ್ಲ. ೧೮೮೪ರಲ್ಲಿ ಗಂಡ ದಾವೆ ಹೂಡಿದ. ೧೮೮೭ರಲ್ಲಿ, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂದು ಹೈಕೋರ್ಟು ಆಜ್ಞೆ ಮಾಡಿತು. ಸೆರೆಮನೆಯೇ ಆಗಲೆಂದರು ಆ ತಾಯಿ. ಕೊನೆಗೆ ೧೮೮೮ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಮುಂದೆ ಅವರು ವಿಲಾಯತಿಯಲ್ಲಿ ಓದಿ ಡಾಕ್ಟರಾದರು. ಮುಂಬಯಿ ಪ್ರಾಂತದ ಹಿಂದೂಗಳಿಗೆ ವಿಚ್ಛೇದನದ ಕಾಯಿದೆ ಬಂದದ್ದು ೧೯೪೭ರಲ್ಲಿ, ಮದ್ರಾಸಿಗೆ ೧೯೪೯ರಲ್ಲಿ. ಇಂದು ನಮ್ಮ ಹೆಣ್ಣುಮಕ್ಕಳ ಮುಂದೆ ಇಷ್ಟು ಬಾಗಿಲುಗಳಿವೆ. ಅವನ್ನು ತೆರೆಯದಂತೆ ತಡೆದು ನಿಲ್ಲುವವರು ಈಗ ಬಹುಮಟ್ಟಿಗೆ ನಾವೇ.

ಡೊಂಬಿವಲಿಯ ಮನೆಯವರು ಕಡೆಗೆ ಅಸಿಂಧುವಿನ ಹಟ ಬಿಟ್ಟರು. ಹುಡುಗನ ಕಡೆಯವರೂ ತಪ್ಪನ್ನು ಒಪ್ಪಿಕೊಂಡು ಮಾತಿಗೆ ಬಂದರು. ೧೩-ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆಯಾಗಿ ಇದ್ದಿರಬೇಕು, ಅರ್ಜಿಯ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಬಿಡಬಹುದೆಂದು ೨೦೧೭ರಲ್ಲಿ ತೀರ್ಪಾಗಿದೆ. ಇವರು ಕಾದೇ ಮುಗಿಸಿದರು. ಒಡವೆ, ಪಾತ್ರೆ, ಸೀರೆಗಳ ಪಟ್ಟಿ ಮಾಡಿ ಎರಡು ಕಡೆಯವರೂ ಸಹಿ ಹಾಕಿ ಹಿಂದಿರುಗಿಸಿಕೊಂಡರು. ಕೋರ್ಟಿನ ಹುಕುಂ ಬಂದ ವಾರ ತಂದೆ ನಮ್ಮ ಕಛೇರಿಗೆ ಬಂದಿದ್ದರು. "ವಿಚ್ಛೇದಿತೆ ಅಂತ ಬರೀಬೇಕಾತಲ್ಲ ಅಂತ ನಾ ಅತ್ತೆ. ನನ್ನ ಮಗಳು, ಅಪ್ಪಾ, ಸುಳ್ಳು ಬರಿಯೂದಕ್ಕಿಂತ ಇದು ಛಲೋ ಅಂದ್ಲು" ಎಂದರು. ಆಕೆ ಈಗ ಠಾಣೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೆ.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಲಗ್ನ ಗೊತ್ತು ಮಾಡುವಾಗ ಹಿಂದಿನ ಮದುವೆ, ಕಾಯಿಲೆ, ನೌಕರಿ ಇವನ್ನು ಸಂಕೋಚವಿಲ್ಲದೆ ಕೇಳಿರಿ, ಕೇಳಿದವರಿಗೆ ಮುಚ್ಚದೆ ಹೇಳಿರಿ. ಮದುವೆಯ ನಂತರ ಮೋಸ ಹೊರಬಿದ್ದರೆ ತಿಳಿದ ದಿನವನ್ನು ಬರೆದಿಡಿರಿ, ಕಾಗದಗಳ ನಕಲು ತೆಗೆದಿಡಿರಿ. ಪಂಚಾಯಿತಿ ಕೂಡುವ ಮುಂಚೆ ಒಬ್ಬ ವಕೀಲರನ್ನು ಕಾಣಿರಿ. ಎಲ್ಲಕ್ಕಿಂತ ಮೊದಲು, ಹೋಗುವೆಯೋ ಇರುವೆಯೋ ಎಂದು ಹುಡುಗಿಯನ್ನೇ ಕೇಳಿರಿ.